ಶೇ. 3 ಮತ್ತು ಶೇ. 15: ಮರಳಿನ ಪುಡಿಯ ಚರಿತ್ರೆ

ದೊಡ್ಡಬಳ್ಳಾಪುರ ಅಥವಾ ಹೊಸಕೋಟೆಯ ಕಡೆ ಮನೆ ಕಟ್ಟುವ ಜಾಗದಲ್ಲಿ ಎಂ-ಸ್ಯಾಂಡ್ ರಾಶಿಯೊಳಗೆ ಕೈಯಿಟ್ಟು ನೋಡಿ. ಅಂಗೈಗೆ ಬೂದುಬಣ್ಣದ ನಯವಾದ ಪುಡಿ ಮೆತ್ತಿಕೊಳ್ಳುತ್ತದೆ. ಕೈಗೆ ಅಂಟುವ ಮರಳು ಕೆಟ್ಟದ್ದೆಂಬುದು ಹಳೆಯ ಮೇಸ್ತ್ರಿಗಳ ಪಾಠ. ಕಲ್ಲು ಪುಡಿಮಾಡಿದ ಮರಳಿಗೂ ಆ ಪಾಠ ಹೊಂದುತ್ತದೆಯೇ?

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯೂ ಮಳೆಯನ್ನೇ ನಂಬಿದೆ. ನಗರ ಬೆಳೆದಂತೆ ಹೊಳೆಯ ಮರಳು ಸಾಲದಾಯಿತು. 2000ದ ದಶಕದಲ್ಲಿ ಕೆರೆಯಂಗಳ, ಹೊಲಗಳ ಮಣ್ಣನ್ನು ತೊಳೆದು ‘ಫಿಲ್ಟರ್ ಮರಳು’ ತೆಗೆಯುವ ಅಕ್ರಮ ದಂಧೆ ಹಬ್ಬಿತು. ಎಷ್ಟೇ ತೊಳೆದರೂ ಅದರಲ್ಲಿ ಜೇಡಿ ಉಳಿಯುತ್ತಿತ್ತು. ಅಂಥ ಮರಳಿನ ಮಟ್ಟಿಗೆ ಮೇಸ್ತ್ರಿಯ ಪಾಠ ಸರಿಯೇ.

ಕಾರಣ ಸರಳ. ಗೋಳಾಕಾರದ ಕಣದ ವ್ಯಾಸ ಹತ್ತನೇ ಒಂದಾದರೆ, ಅಷ್ಟೇ ತೂಕದ ಮರಳಿನ ಮೇಲ್ಮೈ ಹತ್ತು ಪಟ್ಟಾಗುತ್ತದೆ. 600 ಮೈಕ್ರಾನ್ ಕಣಗಳ ಒಂದು ಕಿಲೋಗ್ರಾಮಿಗೆ ಸುಮಾರು 4 ಚದರ ಮೀಟರ್ ಮೇಲ್ಮೈ. 60 ಮೈಕ್ರಾನಿಗೆ ಸುಮಾರು 38. ಇದನ್ನೆಲ್ಲ ನೆನೆಸಲು ನೀರು ಬೇಕು. ಜೇಡಿಯಾದರೋ ತನ್ನ ಪದರಗಳ ನಡುವೆಯೂ ನೀರು ಹೀರುತ್ತದೆ. ಹಸಿ ಕಾಂಕ್ರೀಟ್ ಬಿಗಿಯಾಗುತ್ತದೆ. ಕೆಲಸಗಾರರು ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಸಿಮೆಂಟಿಗೆ ಹೋಲಿಸಿದಂತೆ ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆಂದು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲೇ ತೋರಿಸಿದ್ದರು.

ಆದರೆ ಭಾರತೀಯ ಮಾನಕ ಐ.ಎಸ್. 383ರ 1970ರ ಆವೃತ್ತಿಯನ್ನು ಗಮನಿಸಿ. 75 ಮೈಕ್ರಾನಿಗಿಂತ ಸಣ್ಣ ಕಣಗಳು ನೈಸರ್ಗಿಕ ಮರಳಿನಲ್ಲಿ ಶೇ. 3ನ್ನು ಮೀರುವಂತಿಲ್ಲ, ಕಲ್ಲು ಒಡೆದು ಮಾಡಿದ ಮರಳಿನಲ್ಲಿ ಶೇ. 15ರವರೆಗೆ ಇರಬಹುದು. ಐದು ಪಟ್ಟು ಸಡಿಲಿಕೆ ಏಕೆ? ಹೊಳೆಯ ಮರಳಿನ ಪುಡಿ ಬಹುಪಾಲು ಹೂಳು, ಜೇಡಿ. ಕ್ರಷರಿನ ಪುಡಿ ಬಹುಪಾಲು ಕಲ್ಲೇ. ನಮ್ಮ ಜಿಲ್ಲೆಯ ನೈಸ್ ಬಂಡೆಯ ಪುಡಿಯಲ್ಲಿರುವುದು ಮುಖ್ಯವಾಗಿ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್. ಅವು ನೀರಿನಲ್ಲಿ ಉಬ್ಬುವುದಿಲ್ಲ. ಒಡೆದ ಕಣಗಳು ಮೊನಚಾದ್ದರಿಂದ ಅವುಗಳ ನಡುವೆ ಖಾಲಿ ಜಾಗ ಹೆಚ್ಚು. ಹದವಾದ ಪುಡಿ ಅದನ್ನು ತುಂಬುತ್ತದೆ, ಜಲ್ಲಿ ಬೇರ್ಪಡುವುದನ್ನೂ ನೀರು ಮೇಲೆ ಒಸರುವುದನ್ನೂ ತಗ್ಗಿಸುತ್ತದೆ. ಮಿತಿ ಮೀರಿದರೆ ಮತ್ತೆ ಅದೇ ಬಕೆಟ್ ನೀರಿನ ಕಥೆ.

2011ರಲ್ಲಿ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗಾಗಿ ಭಾರತೀಯ ವಿಜ್ಞಾನ ಸಂಸ್ಥೆ ಎಂ-ಸ್ಯಾಂಡನ್ನು ಪರೀಕ್ಷೆಗೆ ತೆಗೆದುಕೊಂಡಿತು; ಗಾರೆಗೂ ಕಾಂಕ್ರೀಟಿಗೂ ಅದು ತಕ್ಕದ್ದೆಂದು ಕಂಡುಬಂತು. 2016ರಲ್ಲಿ ಮಾನಕ ಪರಿಷ್ಕಾರವಾದಾಗಲೂ 3 ಮತ್ತು 15ರ ಅಂತರ ಹಾಗೆಯೇ ಉಳಿಯಿತು.

ಒಂದು ತೊಡಕು ಉಳಿದಿದೆ. ಜರಡಿ ಗಾತ್ರವನ್ನಷ್ಟೇ ಬಲ್ಲದು, ಜಾತಿಯನ್ನು ಅರಿಯದು. ಬಂಡೆಯ ಮೇಲಿನ ಮಣ್ಣನ್ನು ಸರಿಯಾಗಿ ತೆಗೆಯದೆ ಕ್ರಷರಿಗೆ ಹಾಕಿದರೆ, ಶೇ. 15ರ ರಿಯಾಯಿತಿಯ ಮರೆಯಲ್ಲಿ ಜೇಡಿ ನುಸುಳಬಹುದು. ಅದನ್ನು ಹಿಡಿಯಲು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಪರೀಕ್ಷೆಯಿದೆ. ಜೇಡಿ ಈ ಬಣ್ಣವನ್ನು ಬಹಳ ಹೀರುತ್ತದೆ, ಕಲ್ಲುಪುಡಿ ಅತ್ಯಲ್ಪ.

ಶಾಲೆಯಲ್ಲಿ ಹೀಗೆ ಮಾಡಿ ನೋಡಬಹುದು. ಒಣಗಿದ ಎಂ-ಸ್ಯಾಂಡಿನ ಮೂರು ಸಮಭಾಗ ತೆಗೆದುಕೊಳ್ಳಿ. ಒಂದು ಹಾಗೆಯೇ ಇರಲಿ. ಉಳಿದೆರಡರಲ್ಲಿ ಹತ್ತನೇ ಒಂದು ಭಾಗ ಮರಳನ್ನು ತೆಗೆದು, ಅದೇ ತೂಕದ ನಯವಾದ ಕಲ್ಲುಪುಡಿಯನ್ನು ಒಂದಕ್ಕೂ ಜೇಡಿಯನ್ನು ಇನ್ನೊಂದಕ್ಕೂ ಸೇರಿಸಿ. ಕೈಗವಸು ತೊಟ್ಟು ಸಿಮೆಂಟನ್ನೂ ನೀರನ್ನೂ ಸಮನಾಗಿ ಬೆರೆಸಿ. ಲೋಟಕ್ಕೆ ತುಂಬಿ ಬೋರಲು ಹಾಕಿ, ಲೋಟವನ್ನು ಮೆಲ್ಲಗೆ ಎತ್ತಿ ಗುಡ್ಡೆಯ ಕುಸಿತವನ್ನು ಅಳೆಯಿರಿ. ಪುಡಿ ಎಷ್ಟಿದೆ ಎನ್ನುವುದರ ಜೊತೆಗೆ ಯಾವುದರದು ಎಂದೂ ಏಕೆ ಕೇಳಬೇಕೆಂಬುದು ವಿದ್ಯಾರ್ಥಿಗಳಿಗೆ ಕಣ್ಣಾರೆ ತಿಳಿಯುತ್ತದೆ.