ಸೈಕಲ್ಲಿನ ಪಾಲಿಗೆ ಐದು ಮೈಲಿ

ಸ್ಯಾನ್ ಡಿಯಾಗೋದ ಮಿಷನ್ ಬೇ ಹಿನ್ನೀರಿನಲ್ಲಿ ಫಿಯೆಸ್ಟಾ ಐಲ್ಯಾಂಡ್ ಅಂತ ಒಂದು ಮರಳುದಿಬ್ಬ ಇದೆ. ಒಂದು ಸುತ್ತಿಗೆ ನಾಲ್ಕು ಮೈಲಿ ಚಿಲ್ಲರೆ. ಒನ್ ವೇ ರಸ್ತೆ, ಒಂದು ಸಿಗ್ನಲ್ಲೂ ಇಲ್ಲ. ಆಫೀಸು ಮುಗಿಸಿಕೊಂಡು ಬಂದು ಎಂಟು ವರ್ಷದಿಂದ ನಾನು ಅಲ್ಲಿ ಸೈಕಲ್ ಹೊಡೆಯುತ್ತಿದ್ದೇನೆ. ಎದುರುಗಾಳಿಗೆ ತಿಪಟೂರಿನ ಭಾಷೆಯಲ್ಲಿ ಬೈದರೂ ಕೇಳಿಸಿಕೊಳ್ಳುವವರಿಲ್ಲ, ಅಡ್ಡಾಡಲು ಬಿಟ್ಟ ನಾಯಿಗಳು ಮಾತ್ರ ಒಮ್ಮೆ ತಿರುಗಿ ನೋಡುತ್ತವೆ. ಈಗಿನ ಅರ್ಥದಲ್ಲಿ ಟ್ರಯಾಥ್ಲಾನ್ ಅನ್ನುವ ಹೆಸರಿನ ಮೊದಲ ಪಂದ್ಯ ನಡೆದದ್ದು ಇದೇ ದಿಬ್ಬದ ಮೇಲೆ ಎಂದು ನನಗೆ ಗೊತ್ತಾದದ್ದು ಈ ವರ್ಷ, ನಲವತ್ತಾರಕ್ಕೆ ಬಿದ್ದಮೇಲೆ, ನಾನೇ ಒಂದಕ್ಕೆ ದುಡ್ಡು ಕಟ್ಟಿ ರಸೀದಿ ಬಂದ ರಾತ್ರಿ.

ಈಜು, ಸೈಕಲ್ಲು, ಓಟ ಮೂರನ್ನೂ ಒಬ್ಬನೇ ಒಂದೇ ಸಲಕ್ಕೆ ಮಾಡಬೇಕು. ಫ್ರಾನ್ಸಿನಲ್ಲಿ 1920ರ ದಶಕದಲ್ಲೇ ಇಂಥ ಪಂದ್ಯಗಳಿದ್ದವಂತೆ, ‘ಮೂರು ಆಟ’ ಎಂದು ಕರೆಯುತ್ತಿದ್ದರಂತೆ. ಆದರೆ ಆ ಕೊಂಡಿ ಅಲ್ಲೇ ಕಳಚಿತು. ಈಗಿನ ಕಥೆ ಶುರುವಾಗುವುದು 1972ರಲ್ಲಿ, ಇಲ್ಲಿನ ಡೇವಿಡ್ ಪೇನ್ ಎಂಬ ವಕೀಲರ ಹುಟ್ಟುಹಬ್ಬದಿಂದ. ಕೇಕ್ ಕೊಯ್ದು ಸುಮ್ಮನಾಗುವ ಬದಲು ಅವರು ಗೆಳೆಯರಿಗೆ ಒಂದು ಓಟ, ಒಂದು ಈಜು ಇಟ್ಟರು. ಮರುವರ್ಷ ಅದರಲ್ಲಿ ಪಾಲ್ಗೊಂಡ ಜಾಕ್ ಜಾನ್‌ಸ್ಟೋನ್‌ಗೆ ಈಜು ಸಾಲಲಿಲ್ಲ. ತನ್ನದೇ ಪಂದ್ಯ ಮಾಡುತ್ತೇನೆಂದು ಹೊರಟಾಗ ಸ್ಯಾನ್ ಡಿಯಾಗೋ ಟ್ರ್ಯಾಕ್ ಕ್ಲಬ್ಬಿನವರು ಡಾನ್ ಶಾನಹನ್ ಹೆಸರು ಹೇಳಿದರು. ಸೈಕಲ್ಲನ್ನೂ ಸೇರಿಸೋಣ ಅಂದದ್ದು ಈ ಶಾನಹನ್. ಜಾನ್‌ಸ್ಟೋನ್‌ಗೆ ಅದರಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ, ಒಪ್ಪಿಕೊಂಡರು ಅಷ್ಟೆ.

ಆ ಅರೆಮನಸ್ಸು ಲೆಕ್ಕದಲ್ಲೇ ಕಾಣುತ್ತದೆ. 1974ರ ಸೆಪ್ಟೆಂಬರ್ 25, ಬುಧವಾರ ಸಂಜೆ. ಓಟ ಆರು ಮೈಲಿ, ಈಜು ಐನೂರು ಗಜ, ಸೈಕಲ್ಲಿಗೆ ಐದೇ ಮೈಲಿ! ಓಡಿದ್ದಕ್ಕಿಂತ ಕಡಿಮೆ ದೂರ ತುಳಿಯಬೇಕು. ನನ್ನಂಥವನಿಗೆ ಮೈ ಬಿಸಿಯೇರುವಷ್ಟರಲ್ಲಿ ಮುಗಿದುಹೋಗುವ ದಾರಿ. ಫಿಯೆಸ್ಟಾ ಐಲ್ಯಾಂಡ್ ಸುತ್ತಿ, ಸೈಕಲ್ ಅಲ್ಲೇ ಬಿಟ್ಟು, ಬೂಟು ಕಳಚಿ ನೀರಿಗಿಳಿಯಬೇಕು. ಈಜಿ ದಡ ಹತ್ತಿ ಬರಿಗಾಲಲ್ಲಿ ಓಡಬೇಕು. ಮತ್ತೆ ನೀರು, ಮತ್ತೆ ಓಟ. ಕೊನೆಗೆ ಕಡಿದಾದ ಒಂದು ಮಣ್ಣಿನ ಏರಿಯನ್ನು ಅಂಬೆಗಾಲಿಟ್ಟಾದರೂ ಹತ್ತಿದರೆ ಮುಗಿಯಿತು. ಆ ಕಾಲಕ್ಕೆ ದಿಬ್ಬದ ಮೇಲೆ ಊರಿನ ಚರಂಡಿ ಕೆಸರು ಒಣಗಿಸುವ ಮಡಿಗಳೂ ಇದ್ದವು. ವಾಸನೆಯ ಬಗ್ಗೆ ಯಾರೂ ಬರೆದದ್ದು ನಾನು ಕಂಡಿಲ್ಲ, ಆದರೆ ಊಹಿಸಬಲ್ಲೆ.

ಬಂದವರು ನಲವತ್ತಾರು ಜನ. ಕಪ್ ಮಾಡುವವನು ‘ಟ್ರಯಾಥ್ಲಾನ್ ಸ್ಪೆಲಿಂಗ್ ಏನು’ ಎಂದು ಕೇಳಿದ, ನಿಘಂಟಿನಲ್ಲಿ ಪದವೇ ಇರಲಿಲ್ಲ. ಸರಿ, ಜಾನ್‌ಸ್ಟೋನ್ ತಮಗೆ ತೋಚಿದ್ದನ್ನು ಹೇಳಿದರು. ಕೆಲಸದ ದಿನವಾದ್ದರಿಂದ ಪಂದ್ಯ ಶುರುವಾಗಿದ್ದೇ ಸಂಜೆ. ಕೊನೆಯವರು ಇನ್ನೂ ನೀರಿನಲ್ಲಿರುವಾಗಲೇ ಕತ್ತಲಾಯಿತು. ದಡದಲ್ಲಿದ್ದ ಕಾರುಗಳನ್ನು ನೀರಿಗೆ ಮುಖಮಾಡಿ ನಿಲ್ಲಿಸಿ ಹೆಡ್‌ಲೈಟ್ ಹಾಕಿದರು. ಸುಸ್ತಾದ ಮೈಯಲ್ಲಿ, ಕತ್ತಲಲ್ಲಿ, ಕೊನೆಗೆ ಈಜು. ಇವತ್ತಿನ ಹೆಚ್ಚಿನ ಪಂದ್ಯದವರು ಅಂಥದ್ದಕ್ಕೆ ಒಪ್ಪಲಾರರು. ಈಗ ಸಾಮಾನ್ಯವಾಗಿ ಈಜೇ ಮೊದಲು.

ಹಾಗಾದರೆ ಸೈಕಲ್ಲು ದೊಡ್ಡಣ್ಣನಾದದ್ದು ಯಾವಾಗ? ಅದಕ್ಕೆ ಒಂದು ಜಗಳ ಬೇಕಾಯಿತು. ಮಿಷನ್ ಬೇಯ ಆ ಸಂಜೆ ನೌಕಾಪಡೆಯ ಜಾನ್ ಕಾಲಿನ್ಸ್, ಅವರ ಹೆಂಡತಿ ಜೂಡಿ ಇಬ್ಬರೂ ಇದ್ದರು. ಮುಂದೆ ಹವಾಯಿಗೆ ವರ್ಗವಾಯಿತು. ಅಲ್ಲಿ 1977ರಲ್ಲಿ ಒಂದು ರಿಲೇ ಓಟದ ಬಹುಮಾನದ ಹೊತ್ತಿಗೆ ಓಟದವರಿಗೂ ಈಜಿನವರಿಗೂ ಮಾತು ಬೆಳೆಯಿತು: ಯಾರ ದೇಹ ಗಟ್ಟಿ? ಕಾಲಿನ್ಸ್ ನಡುವೆ ಕಡ್ಡಿ ಆಡಿಸಿದರು. ಬೆಲ್ಜಿಯಂನ ಸೈಕಲ್ ಸವಾರ ಎಡ್ಡಿ ಮೆರ್ಕ್ಸ್ ಆಮ್ಲಜನಕ ಹೀರುವಷ್ಟು ಯಾವ ಆಟಗಾರನೂ ಹೀರುವುದಿಲ್ಲವೆಂದು ಪತ್ರಿಕೆಯಲ್ಲಿ ಓದಿದ್ದೇನೆ, ಸೈಕಲ್ಲಿನವರನ್ನೂ ಲೆಕ್ಕಕ್ಕೆ ತಗೊಳ್ಳಿ ಎಂದರು. ಓವಾಹು ದ್ವೀಪದಲ್ಲಿ ಆಗಲೇ ನಡೆಯುತ್ತಿದ್ದ ಮೂರು ಪಂದ್ಯಗಳನ್ನು ಒಂದಕ್ಕೊಂದು ಹೊಲಿದರು: ವೈಕಿಕಿಯ 2.4 ಮೈಲಿ ಕಡಲ ಈಜು, ದ್ವೀಪ ಸುತ್ತುವ 115 ಮೈಲಿ ಸೈಕಲ್, ಹೊನೊಲುಲು ಮ್ಯಾರಥಾನ್. ಸೈಕಲ್ ದಾರಿಯಲ್ಲಿ ಮೂರು ಮೈಲಿ ಕತ್ತರಿಸಿದರೆ ಈಜು ಮುಗಿದಲ್ಲಿ ಹೊರಟು ಮ್ಯಾರಥಾನ್ ಶುರುವಾಗುವ ಅಲೋಹಾ ಟವರಿಗೆ ಸರಿಯಾಗಿ ಬಂದು ಸೇರಬಹುದಿತ್ತು. ಲೋಕವೆಲ್ಲ ಇವತ್ತು ಜಪಿಸುವ 112 ಮೈಲಿ, ಅಂದರೆ 180 ಕಿಲೋಮೀಟರ್, ಬಂದದ್ದು ಹೀಗೆ. ಯಾವ ವಿಜ್ಞಾನಿಯೂ ಕೂತು ಲೆಕ್ಕ ಹಾಕಿದ್ದಲ್ಲ.

1978ರ ಫೆಬ್ರವರಿ 18ರಂದು ಹದಿನೈದು ಜನ ಹೊರಟರು, ಹನ್ನೆರಡು ಜನ ಮುಟ್ಟಿದರು. ಗಾರ್ಡನ್ ಹ್ಯಾಲರ್ 11 ಗಂಟೆ 46 ನಿಮಿಷದಲ್ಲಿ ಗೆದ್ದರು. ಎರಡನೆಯವರಾದ ಜಾನ್ ಡನ್‌ಬಾರ್‌ಗೆ ಓಟದಲ್ಲಿ ನೀರು ಮುಗಿದು, ಜೊತೆಯವರು ಬಿಯರ್ ಕುಡಿಸಿದರಂತೆ. ಮರುವರ್ಷ ಮುಟ್ಟಿದ ಮೊದಲ ಹೆಂಗಸು ಲಿನ್ ಲೆಮೇರ್, ಸೈಕಲ್ ರೇಸಿನಿಂದ ಬಂದವರು. ಈ ಒಂದು ವಿಷಯ ಓದಿ ನಾನು ಒಳಗೊಳಗೇ ಬೀಗಿದ್ದುಂಟು.

ಬೀಗುವುದಕ್ಕೆ ಹೆಚ್ಚು ಕಾರಣಗಳಿಲ್ಲ ಅನ್ನಿ. ಸೈಕಲ್ ಗುಂಪಿನಲ್ಲಿ ನಾವು ಕಲಿಯುವ ದೊಡ್ಡ ವಿದ್ಯೆ ಇನ್ನೊಬ್ಬರ ಬೆನ್ನ ಹಿಂದೆ ಅಡಗಿ ಗಾಳಿ ತಪ್ಪಿಸಿಕೊಳ್ಳುವುದು, ಡ್ರಾಫ್ಟಿಂಗ್. ನಮ್ಮಂಥ ಹವ್ಯಾಸಿಗಳ ಟ್ರಯಾಥ್ಲಾನಿನಲ್ಲಿ ಅದು ಅಪರಾಧ. ಮುಂದಿನವರಿಂದ ಹಲವು ಮೀಟರ್ ದೂರ ಇರಬೇಕು. ಮರೆಯೇ ಇಲ್ಲದ ಮೇಲೆ ಗಾಳಿಯ ಕಡೆ ಕುಗ್ಗಿ ಕೂರುವುದೊಂದೇ ದಾರಿ. ಮೊಣಕೈ ಊರಿ ಮುಂದಕ್ಕೆ ಕೈಚಾಚುವ ಏರೋಬಾರನ್ನು 1980ರ ದಶಕದ ಕೊನೆಯಲ್ಲಿ ಟ್ರಯಾಥ್ಲಾನಿನವರು ಮುಗಿಬಿದ್ದು ಹಾಕಿಸಿಕೊಂಡರು. ರೋಡ್ ರೇಸಿನವರು ನಕ್ಕರು. 1989ರ ಟೂರ್ ಡಿ ಫ್ರಾನ್ಸಿನ ಕೊನೆಯ ದಿನ ಗ್ರೆಗ್ ಲೆಮಾಂಡ್ ಅದನ್ನು ಕಟ್ಟಿಕೊಂಡು 24.5 ಕಿಲೋಮೀಟರಿನಲ್ಲಿ ಐವತ್ತು ಸೆಕೆಂಡಿನ ಸಾಲ ತೀರಿಸಿ, ಎಂಟು ಸೆಕೆಂಡಿನಿಂದ ಟೂರನ್ನೇ ಗೆದ್ದಮೇಲೆ ನಗು ನಿಂತಿತು. ಹಾಗಂದುಕೊಂಡಿದ್ದೆ. ನನ್ನ ಸೈಕಲ್ಲಿಗೆ ಅದನ್ನು ಬಿಗಿಸಿಕೊಂಡು ಭಾನುವಾರದ ಗುಂಪಿಗೆ ಹೋದೆ ನೋಡಿ, ‘ಹಿಂದೆ ಬಾ, ನಮ್ಮ ಮಧ್ಯೆ ಬೇಡ’ ಅಂದರು. ಬ್ರೇಕಿನ ಮೇಲೆ ಕೈಯಿಲ್ಲದವನ ಪಕ್ಕದಲ್ಲಿ ತುಳಿಯಲು ಯಾರಿಗೆ ಧೈರ್ಯ?

ನನ್ನದು ಸ್ಪ್ರಿಂಟ್: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸೇರಿಸಿದ ದೂರದ ಸರಿಯಾಗಿ ಅರ್ಧ. ಸೈಕಲ್ ಇಳಿದ ಕೂಡಲೇ ಓಡುವ ಅಭ್ಯಾಸಕ್ಕೆ ಇವರು ಬ್ರಿಕ್ ಅನ್ನುತ್ತಾರೆ. ಮೊದಲ ದಿನ ಮೊಣಕಾಲಿನಿಂದ ಕೆಳಗೆ ನಿಜವಾಗಿಯೂ ಇಟ್ಟಿಗೆ ಕಟ್ಟಿದ ಹಾಗೇ ಇತ್ತು.

ಭಯವಿರುವುದು ಈಜಿನದು. ನಮ್ಮ ತೋಟದ ಬಾವಿಯಲ್ಲಿ ಚಿಕ್ಕಪ್ಪ ಎರಡು ಒಣಗಾಯಿಗಳನ್ನು ಸಿಪ್ಪೆಯ ಎಳೆಯಿಂದಲೇ ಗಂಟುಹಾಕಿ ಎದೆಗೆ ಕೊಟ್ಟು ತಳ್ಳಿದ್ದರು. ಬಾವಿಯ ಈಜಿನಲ್ಲಿ ನಾಲ್ಕು ಕೈ ಬೀಸಿದರೆ ಗೋಡೆ ಸಿಗುತ್ತದೆ. ಮಿಷನ್ ಬೇಯಲ್ಲಿ ಗೋಡೆ ಇಲ್ಲ. ತಲೆ ನೀರೊಳಗಿಟ್ಟರೆ ಹಸಿರು ಮಂಕು, ಎತ್ತಿದರೆ ಹಳದಿ ತೇಲುಬುರುಡೆ ಇನ್ನೂ ಅಷ್ಟೇ ದೂರ. ಕಳೆದ ತಿಂಗಳು ವೆಟ್‌ಸೂಟಿನ ಕತ್ತು ಬಿಗಿದು ಉಸಿರು ಕಟ್ಟಿದಂತಾಗಿ ನಡುನೀರಲ್ಲಿ ಅಂಗಾತ ತಿರುಗಿ, ಆಕಾಶ ನೋಡುತ್ತಾ ಒಣಗಾಯಿಗಳನ್ನು ನೆನೆದೆ.

ಊರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಎಲ್ಲ ವಿವರಿಸಿದೆ. ಎಂಬತ್ತು ದಾಟಿದವರು, ತಾಳ್ಮೆಯಿಂದ ಕೇಳಿದರು.

‘ನೀರಿಂದ ಎದ್ದು ಹಂಗೇ ಸೈಕಲ್ ಹತ್ಬೇಕೇನ್ಲಾ?’

‘ಹೂಂ ಚಿಕ್ಕಪ್ಪ.’

‘ಮೈ ಒರಸ್ಕಳಾಕಾದ್ರೂ ಬಿಡ್ತಾರೋ ಇಲ್ವೋ?’

‘ಒರೆಸ್ಕೊಬಹುದು. ಅದೂ ಟೈಮಿಗೆ ಸೇರುತ್ತೆ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ನೆಗಡಿ ಆಯ್ತದೆ’ ಅಂದರು.