ಬಂಕಾಪುರ: ಬಂದವರು ಕಂಡ ನಗರ

ಹಾವೇರಿ ಜಿಲ್ಲೆಯ ಬಂಕಾಪುರದ ಚರಿತ್ರೆಯನ್ನು ಆಳಿದವರ ವಂಶಾವಳಿಗಿಂತ ಅಲ್ಲಿಗೆ ಬಂದವರ ಉದ್ದೇಶಗಳ ಮೂಲಕ ಓದುವುದು ಹೆಚ್ಚು ಫಲಕಾರಿ. ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರನ್ನು ಹೊತ್ತ ಈ ನಗರದಿಂದ ಅವನ ಮಗ ಲೋಕಾದಿತ್ಯನು ಬನವಾಸಿ ನಾಡನ್ನು ಆಳುತ್ತಿದ್ದನು. ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಶಕ 820ರಲ್ಲಿ ಇಲ್ಲಿ ಪೂಜೆ ಸಂದಿತೆಂದು ಅದರ ಪ್ರಶಸ್ತಿ ತಿಳಿಸುತ್ತದೆ. ಗ್ರಂಥವನ್ನು ಪೂಜಿಸಿದ ರಾಜಧಾನಿಯೆಂಬುದೇ ಈ ಊರಿನ ಮೊದಲ ಚಿತ್ರ.

ಸುಮಾರು ಕ್ರಿ.ಶ. 974ರಲ್ಲಿ ಗಂಗದೊರೆ ಇಮ್ಮಡಿ ಮಾರಸಿಂಹನು ಇಲ್ಲಿಗೆ ಬಂದದ್ದು ಗೆಲ್ಲುವುದಕ್ಕಲ್ಲ, ತೊರೆಯುವುದಕ್ಕೆ. ರಾಜ್ಯವನ್ನು ತ್ಯಜಿಸಿದ ಅವನು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವನ್ನು ನೋಂತು ಮುಡಿಪಿದನೆಂದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಸ್ತಂಭದ ಶಾಸನ ಸಾರುತ್ತದೆ. ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುವಾಗಿದ್ದವರು ಇದೇ ಅಜಿತಸೇನರು.

16ನೆಯ ಶತಮಾನದ ಪೋರ್ಚುಗೀಸರ ಬರಹಗಳಲ್ಲಿ ‘ಬೆಂಗಾಪೊರ್’ ಬೇರೆಯೇ ಊರು: ಅವರ ಲಕ್ಷ್ಯವೆಲ್ಲ ಅರಸರ ಮೇಲೆ, ಕುದುರೆಗಳ ಮೇಲೆ. 1570ರ ದಶಕದಲ್ಲಿ ಬಿಜಾಪುರದ ಸೇನೆಗೆ ಇದು ವಶಪಡಿಸಿಕೊಳ್ಳಬೇಕಾದ ಕೋಟೆ. 19ನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟರಿಗೆ ಶಾಸನಗಳ ನೆಲೆ.

ಇಂದಿನ ಪ್ರವಾಸಿ ಅರವತ್ತು ಕಂಬದ ನಗರೇಶ್ವರ ಗುಡಿಯನ್ನೂ ಕೋಟೆಯ ನವಿಲುಧಾಮವನ್ನೂ ನೋಡಿ ಮರಳುತ್ತಾನೆ. ವಿದ್ಯಾಕೇಂದ್ರವಾಗಿದ್ದ ಬಂಕಾಪುರ ಅವನ ಕಣ್ಣಿಗೆ ಬೀಳುವುದಿಲ್ಲ. ಅದರ ಬಲವಾದ ಸಾಕ್ಷ್ಯಗಳು ಒಂದು ಸಂಸ್ಕೃತ ಪ್ರಶಸ್ತಿಯಲ್ಲಿಯೂ ದೂರದ ಬೆಳಗೊಳದ ಕಂಬದಲ್ಲಿಯೂ ಉಳಿದಿವೆ. ಸ್ಥಳವನ್ನಷ್ಟೇ ನೋಡಿ ಬರೆದ ಸ್ಥಳಚರಿತ್ರೆ ಇಂತಹ ನಗರದ ಅರ್ಧವನ್ನು ಕಳೆದುಕೊಳ್ಳುತ್ತದೆ.