ರೇಡಿಯೋದ ಹಮ್ಮು ಇಳಿಸಿದ ಕಥಿ

ವಾಲ್ವಿನ ರೇಡಿಯೋ ಕಂಡ ನಮ್ಮ ಹಿರಿ ಅಕ್ಕಾರಿಗೆ, ವೈನಿದೇರಿಗೆ ನೆನಪಿರಬೇಕು, ಗುಂಡಿ ತಿರುವಿದ ಕೂಡ್ಲೆ ಹಾಡು ಬರತಿರಲಿಲ್ಲ. ವಾಲ್ವು ಕಾಯೂತನಕ ತಡೀಬೇಕಿತ್ತು. ಅಷ್ಟರಾಗ ಪೆಟಗಿ ಒಳಗಿಂದ ಗುಂಯ್ ಅಂತ ಒಂದು ದನಿ ಏಳತಿತ್ತು, ಡಬ್ಬಿಯೊಳಗ ದುಂಬಿ ಸಿಕ್ಕಂಗ. ಆಮ್ಯಾಲ ಧಾರವಾಡ ಸ್ಟೇಶನ್. ರಿಪೇರಿ ಮಾಡವರು ಆ ದನಿಗೆ ಹಮ್ ಅಂತಿದ್ರು. ನಮ್ಮ ಕಾಕಾ ಮಾತ್ರ "ತಡೀರಿ, ಇದರ ಹಮ್ಮು ಇಳಸ್ತೀನಿ" ಅಂತ ಸ್ಕ್ರೂಡ್ರೈವರ್ ಹಿಡಕೊಂಡು ಕುಂಡ್ರತಿದ್ರು.

ಧಾರವಾಡ ಆಕಾಶವಾಣಿ ಶುರು ಆಗಿದ್ದು 1950ರ ಜನವರಿ 8ಕ್ಕ. ಆವಾಗ ನಮ್ಮ ಬಾಗಲಕೋಟಿ, ಬದಾಮಿ, ಹುನಗುಂದ ಎಲ್ಲಾ ಮುಂಬೈ ರಾಜ್ಯದ ಬಿಜಾಪುರ ಜಿಲ್ಲಾದಾಗ ಇದ್ವು. ಕರೆಂಟು ಬಾರದ ಹಳ್ಯಾಗ ರೇಡಿಯೋ ಅಂದ್ರ ಬ್ಯಾಟರಿ ಸೆಟ್. ಅದರಾಗ ಈ ಗುಂಯ್ ಇರತಿರಲಿಲ್ಲ. ಬ್ಯಾಟರಿ ಕರೆಂಟು ಒಂದs ದಿಕ್ಕಿಗೆ ಸಮಾ ಹರೀತೈತಿ. ಮನಿ ಕರೆಂಟು ಹಂಗಲ್ಲ, ಸೆಕೆಂಡಿಗೆ 50 ಸಲ ಹೋಗಿ ಬಂದು ಮಾಡತೈತಿ. ಹಂಗಾಗಿ ಊರಿಗೆ ದೀಪ ಬಂತು, ಜೋಡಿಗೆ ಹಮ್ಮೂ ಬಂತು.

ಇದು ನಮ್ಮೂರಿನ ತಾಪತ್ರಯ ಅಷ್ಟs ಅಲ್ಲ. ಅಮೇರಿಕಾದಾಗ 1920ರ ದಶಕದಾಗ ಮಂದಿ ಬ್ಯಾಟರಿ ಹೊರೂದು ಸಾಕಾಗಿ ರೇಡಿಯೋಕ್ಕ ಮನಿ ಕರೆಂಟು ಕೊಟ್ಟು ನೋಡಿದ್ರು. ವಾಲ್ವಿನ ಒಳಗಿನ ಸಣ್ಣ ತಂತಿ ಕರೆಂಟಿನ ಜೋಡಿ ಕುಣದು ಸ್ಪೀಕರ್ ತುಂಬ ಗುಂಯ್‌ಗುಟ್ಟಿತು. 1927ರಾಗ ಆರ್‌ಸಿಎ ಕಂಪನಿ ಒಂದು ವಾಲ್ವು ತಂತು. ಅದರಾಗ ಕಾಯೂ ತಂತಿಗೆ ಮ್ಯಾಲೊಂದು ಕೊಳವಿ ಹಾಕಿದ್ರು, ಕೆಲಸ ಮಾಡೂದು ಆ ಕೊಳವಿ. ಒಲಿ ಉರಿ ಹೆಚ್ಚುಕಡಿಮಿ ಆದ್ರೂ ದಪ್ಪ ಹಂಚಿನ ಮ್ಯಾಲ ರೊಟ್ಟಿ ಸಮಾ ಬೇಯತೈತಲ್ಲ, ಅದs ಯುಕ್ತಿ. ಯಾರ ಮನಿ ಅಡಗಿಮನಿ ನೋಡಿ ಕಲತ್ರೋ ಏನೋ!

ಅಷ್ಟಾದ್ರೂ ಹಮ್ಮು ಪೂರಾ ಹೋಗಲಿಲ್ಲ, ಯಾಕಂದ್ರ ಅದಕ್ಕ ದಾರಿ ಭಾಳ. ದೊಡ್ಡ ದಾರಿ ಕಂಡೆನ್ಸರ್. ಹೋಗಿ ಬರೂ ಕರೆಂಟನ್ನ ಒಂದs ದಿಕ್ಕಿಗೆ ತಿರುಗಿಸಿದ್ರೂ ಅದು ಬಿಟ್ಟುಬಿಟ್ಟು ಬರತೈತಿ. ನಳ ಬಿಕ್ಕಿ ಬಿಕ್ಕಿ ಬಂದ್ರೂ ರಂಜಣಿಗಿ ತುಂಬಿದ್ರ ತಂಬಿಗಿಗೆ ನೀರಿನ ಕೊರತಿಲ್ಲ. ಹಂಗ ಕಂಡೆನ್ಸರ್ ಕರೆಂಟು ತುಂಬಿಟ್ಟು ಸಮಾ ಕೊಡತೈತಿ. ವರ್ಷ ಕಳದಂಗ ಅದರೊಳಗಿನ ಪಸಿ ಆರಿ, ರಂಜಣಿಗಿ ಇದ್ದದ್ದು ಗಿಂಡಿ ಆಗತೈತಿ.

ನಮ್ಮ ಕಾಕಾ ಇಳಕಲ್ಲಿನಾಗ ಎಪ್ಪತ್ತರ ದಶಕದಾಗ ಕೈಯಾರೆ ಒಂದು ಆಂಪ್ಲಿಫೈಯರ್ ಕಟ್ಟಿದ್ರು. ಅಷ್ಟೊತ್ತಿಗೆ ಬೆಂಗಳೂರಿನ ಬಿಇಎಲ್ ವಾಲ್ವು ಪ್ಯಾಟ್ಯಾಗ ಸಿಗತಿದ್ವು, ಪರದೇಶದ ಮಾಲಿಗೆ ಕಾಯೂದು ತಪ್ಪಿತ್ತು. ತಗಡಿನ ಚಾಸಿ ಬಡದು, ವಾಲ್ವು ಕೂಡಿಸಿ, ಮೊದಲನೇ ಸಲ ಹಚ್ಚಿದ್ರ ಹಾಡಿಗಿಂತ ಗುಂಯ್ಯs ಜೋರು. ಆದ್ರೂ ಹುಮ್ಮಸ್ಸು ಹಿಡಿಯವರ್ಯಾರು? ಅದಕ್ಕs ಮೈಕ್ ಹಚ್ಚಿ, ಒಂದು ಸ್ಪೂಲ್ ಟೇಪಿಗೆ ಜೋಡಿಸಿ, ನಮ್ಮ ಆಯಿ ಬೀಸೂ ಮುಂದ ಹಾಡಿದ ಪದ ಹಿಡಿದಿಟ್ರು. "ಹಮ್ಮು ಹೋದ ಮ್ಯಾಲ ಮತ್ತೊಮ್ಮೆ ಛಲೋ ಮಾಡಿ ಹಿಡೀತೀನಿ ಆಯಿ" ಅಂದಿದ್ರಂತ.

ಆ ಹಮ್ಮು ಹೋಗಲಿಕ್ಕೆ ಎಂಟು ತಿಂಗಳ ಹಿಡೀತು. ಮೊದಲ ವಾಲ್ಯೂಮ್ ಪೂರಾ ಇಳಿಸಿ ಕೇಳೂದು. ಆವಾಗೂ ಗುಂಯ್ ಅಂದ್ರ ದೋಷ ಗುಂಡಿಯಿಂದ ಈಚೆ, ಸುಮ್ಮಾದ್ರ ಆಚೆ. ಆಮ್ಯಾಲ ಸ್ವಿಚ್ ಆರಿಸಿ ಮುಂದಿನ ವಾಲ್ವಿನಿಂದ ಒಂದೊಂದs ಕಿತ್ತು, ಮತ್ತ ಹಚ್ಚಿ ಕೇಳೂದು. ಯಾವುದು ಕಿತ್ತಾಗ ಸುಮ್ಮಾತೋ ಕಳ್ಳ ಅಲ್ಲೇ ಹೊಕ್ಕಾನ. ದನಿಯೊಳಗೂ ಸುಳಿವು ಐತಿ. 50ರ ದನಿ ಮಂದ್ರದ ಷಡ್ಜ ಅಂತ ಹಿಡದ್ರ 100ರದ್ದು ಅದರ ಮ್ಯಾಲಿನ ಷಡ್ಜ. ಮ್ಯಾಲಿನದು ಕೇಳಿದ್ರ ಬಹಳ ಮಾಡಿ ಕಂಡೆನ್ಸರ್, ಕೆಳಗಿನದಾದ್ರ ವಾಲ್ವು ಕಾಯಿಸೂ ವೈರೋ ಟ್ರಾನ್ಸ್‌ಫಾರ್ಮರೋ. ಹಾರ್ಮೋನಿಯಂ ಪೇಟಿ ಬಾರಸ್ತಿದ್ದ ಕಾಕಾಗ ಇದು ಕಿವಿಗೇ ತಿಳೀತಿತ್ತು.

ಕಾಯಿಸೂ ಎರಡು ವೈರು ಬಿಡಿಬಿಡಿ ಓಡಿಸಿದ್ರ ಹಮ್ಮು ಹಂಚತಾವ, ಬಿಗಿ ಹೊಸದ್ರ ಒಂದರ ಪ್ರಭಾವ ಇನ್ನೊಂದು ಅಳಸತೈತಿ. ಆ ವೈರು ಹೊಸದು ಕೊಟ್ಟಾಕಿ ನಮ್ಮವ್ವ. ಬತ್ತಿ ಹೊಸದ ಕೈ, ಒಂದು ಎಳಿ ಸಡಿಲಿರಲಿಲ್ಲ. (ಆಂಪ್ಲಿಫೈಯರ್ ಕಟ್ಟಿದವರು ಯಾರಂದ್ರ ಎಲ್ಲಾರೂ ಕಾಕಾನ ಹೆಸರಷ್ಟs ಹೇಳತಾರ, ಇರಲಿ.) ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನ ಕಾಕಾ ತಗಡಿಗೆ ಬಿಗೀಲಿಲ್ಲ. ಅದಕ್ಕ ಹೆಡ್‌ಫೋನ್ ಹಚ್ಚಿ, ಕರೆಂಟಿನ ಟ್ರಾನ್ಸ್‌ಫಾರ್ಮರ್ ಪಕ್ಕದಾಗ ಮೆಲ್ಲಕ ತಿರುವಿ ತಿರುವಿ ಕೇಳಿ, ಎಲ್ಲಿ ಸದ್ದು ಅಡಗಿತೋ ಅಲ್ಲಿ ತೂತು ಕೊರದ್ರು.

ಕಡೀಗೆ ಉಳದದ್ದು ನೆಲದ ವೈರಿನ ಕೊಂಡಿ. ನಮ್ಮ ಇಳಕಲ್ ಸೀರಿಗೆ ಕೊಂಡಿ ಹಾಕಿದ್ರs ಸೆರಗು ಮೈಗೆ ಕೂಡೂದು. ಇಲ್ಲಿ ಅದs ವೈರಿ. ಅರ್ಥಿಂಗ್ ಎರಡು ಕಡೆ ಕೊಟ್ಟು ಸುತ್ತು ಕೂಡಿದ್ರ, ಆ ಸುತ್ತಿನಾಗ ಕರೆಂಟು ಹರದು ಗುಂಯ್ ಅಂತೈತಿ. ಎಲ್ಲಾ ನೆಲದ ವೈರು ಬಿಚ್ಚಿ ಒಂದs ಮೊಳಿಗೆ ತಂದು ಬೆಸದ ದಿನ ಆಂಪ್ಲಿಫೈಯರ್ ಹಚ್ಚೈತೋ ಇಲ್ಲೋ ತಿಳೀದಂಗ ಸುಮ್ಮಾತಂತ. ಆದ್ರ ಅಷ್ಟೊತ್ತಿಗೆ ಆಯಿ ತೀರಿಕೊಂಡು ಎರಡು ತಿಂಗಳಾಗಿತ್ತು.

ನಿಮ್ಮ ಮನಿ ಅಟ್ಟದ ಮ್ಯಾಲ ಇಂಥಾ ಹಳೇ ಪೆಟಗಿ ಇದ್ರ ನೆನಪಿಗೆ ಬಂತಂತ ಪ್ಲಗ್ ಚುಚ್ಚಬ್ಯಾಡ್ರಿ. ಒಣಗಿದ ಕಂಡೆನ್ಸರ್ ಸಿಡೀತಾವ. ಪ್ಲಗ್ ತಗದ ಮ್ಯಾಲೂ ಒಳಗ 300 ವೋಲ್ಟ್ ಕುಂತಿರಬಹುದು, ಧೂಳ ಒರಸಾಕಂತ ಹಿಂದಿನ ಹಲಗಿ ಬಿಚ್ಚಿ ಕೈ ಹಾಕಬ್ಯಾಡ್ರಿ. ತಿಳದವರು ಮೊದಲ ಅದನ್ನ ಖಾಲಿ ಮಾಡಿ, ಹೊಸಾವು ಹಾಕಲಿ.

ಆ ಸ್ಪೂಲ್ ಟೇಪ್ ಹೋದ ವರ್ಷ ಕಾಕಾನ ಮೊಮ್ಮಗ ಕಂಪ್ಯೂಟರಿಗೆ ಇಳಿಸಿದ. ಹಮ್ಮು ತಗೀಬೇಕಂತ ಕೆಳಗಿನ ದನಿ ಎಲ್ಲಾ ಕತ್ತರಿಸಿ ಕೇಳಿಸಿದ. ಆಯಿ ದನಿ ಸ್ವಚ್ಛ ಬಂತು, ಆದ್ರ ಬೀಸುಕಲ್ಲಿನ ಗುರ್ರ್ ಅನ್ನೂದೂ ಮಾಯ. ಬೀಸುಕಲ್ಲಿಲ್ಲದ ಬೀಸೂ ಪದ! ನಮ್ಮವ್ವ "ಇದೇನೋ, ಆಯಿ ಸುಮ್ಮ ಕುಂತು ಹಾಡಿದಂಗ ಆತು" ಅಂದ್ಲು. ಬೀಸುಕಲ್ಲಿನ ಸದ್ದು ಏರಿಳೀತೈತಿ, ಕೆಳಗ ಅಗಲಕ್ಕ ಹರಡಿರತೈತಿ. ಹಮ್ಮು 50, 100ರಾಗ ಅಲುಗದ ಕುಂತಿರತೈತಿ. ಹುಡುಗ ಆ ಎರಡು ಜಾಗಾ ಅಷ್ಟs ದಾರದಷ್ಟು ಸಪೂರ ಕತ್ತರಿಸಿದ. ಮ್ಯಾಲಿನ 150, 200ರಾಗ ಚೂರು ಉಳದೈತಿ. 200ರ ಹತ್ತರ ಆಯಿ ದನಿಯೂ ಐತಿ ಅಂತ ಅಲ್ಲಿ ಮುಟ್ಟಬ್ಯಾಡ ಅಂದೇವಿ. ಒಟ್ಟು ಹನ್ನೊಂದು ಪದ ಅದಾವ, ಬೇಕಾದವರು ಪೆನ್‌ಡ್ರೈವ್ ತಗೊಂಡು ಬರ್ರಿ.